ಕಣಜ ತುಂಬಿದ ಮೇಲೆ

2004ರ ಜನವರಿಯಲ್ಲಿ ಲಂಡನ್ನಿನ ವೈದ್ಯಕೀಯ ಪತ್ರಿಕೆ ‘ದ ಲ್ಯಾನ್ಸೆಟ್’ ಇಬ್ಬರು ವೈದ್ಯರ ಚಿತ್ರವನ್ನು ಅಕ್ಕಪಕ್ಕದಲ್ಲಿಟ್ಟು ಅಚ್ಚು ಹಾಕಿತು. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ ಯಾಜ್ಞಿಕ, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರೂ ಸಕ್ಕರೆ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡಿದವರು. ಎತ್ತರಕ್ಕೆ ತಕ್ಕಷ್ಟು ತೂಕವಿದೆಯೇ ಎಂದು ತಿಳಿಯಲು ವೈದ್ಯರು ಬಳಸುವ ಲೆಕ್ಕಕ್ಕೆ ಬಿಎಂಐ ಎನ್ನುತ್ತಾರೆ. ತೂಕವನ್ನು ಕಿಲೋಗ್ರಾಂನಲ್ಲೂ ಎತ್ತರವನ್ನು ಮೀಟರಿನಲ್ಲೂ ಬರೆದು, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಅದು ಸಿಗುತ್ತದೆ. ಈ ಇಬ್ಬರ ಬಿಎಂಐ ಕೂಡ 22.3. ವೈದ್ಯಕೀಯ ಪುಸ್ತಕದ ಪ್ರಕಾರ ಇಬ್ಬರೂ ತೆಳ್ಳಗಿನವರು, ಆರೋಗ್ಯವಂತರು.

ಆದರೆ ಸ್ಕ್ಯಾನ್ ಯಂತ್ರ ಇಬ್ಬರ ಮೈಯೊಳಗಿನ ಕೊಬ್ಬನ್ನು ಅಳೆದಾಗ ಯುಡ್ಕಿನ್ ದೇಹದಲ್ಲಿ ಸಿಕ್ಕಿದ್ದು ಶೇ. 9.1, ಯಾಜ್ಞಿಕರ ದೇಹದಲ್ಲಿ ಶೇ. 21.2. ತೂಕದ ಯಂತ್ರದ ಮೇಲೆ ಸಮನಾಗಿ ನಿಂತ ಇಬ್ಬರಲ್ಲಿ ಒಬ್ಬರ ಮೈಯಲ್ಲಿ ಇನ್ನೊಬ್ಬರಿಗಿಂತ ಎರಡು ಪಟ್ಟಿಗೂ ಹೆಚ್ಚು ಕೊಬ್ಬಿತ್ತು. ಯುಡ್ಕಿನ್ ಮ್ಯಾರಥಾನ್ ಓಡುವವರು ಎಂಬುದು ಇದಕ್ಕೆ ಒಂದು ಕಾರಣವಿರಬಹುದು. ಯಾಜ್ಞಿಕರು ಹುಟ್ಟಿದಾಗ ಕಡಿಮೆ ತೂಕದ ಕೂಸಾಗಿದ್ದರು ಎಂಬ ಇನ್ನೊಂದು ಮಾತನ್ನೂ ಆ ಬರಹ ದಾಖಲಿಸಿದೆ. ಅದು ಯಾಕೆ ಮುಖ್ಯ ಎಂಬುದನ್ನು ಮುಂದೆ ನೋಡೋಣ.

ನಮ್ಮ ಮನೆಗಳಲ್ಲಿ ದಿನವೂ ಕೇಳುವ ಪ್ರಶ್ನೆಯೊಂದಕ್ಕೆ ಈ ಚಿತ್ರದಲ್ಲಿ ಉತ್ತರವಿದೆ. “ನಾನೇನು ದಪ್ಪ ಇಲ್ಲವಲ್ಲ, ನನಗೆ ಹೇಗೆ ಶುಗರ್ ಬಂತು?” ಎಂದು ಒಬ್ಬರು ಕೇಳುತ್ತಾರೆ. “ಅವರು ಅಷ್ಟು ದಪ್ಪ ಇದ್ದರೂ ಏನೂ ಆಗಿಲ್ಲವಲ್ಲ?” ಎಂದು ಇನ್ನೊಬ್ಬರು. ಬೊಜ್ಜಿಗೂ ಸಕ್ಕರೆ ಕಾಯಿಲೆಗೂ ನಂಟಿದೆ ಎಂಬುದು ಎಲ್ಲರಿಗೂ ಗೊತ್ತು. ಆ ನಂಟಿನ ನಡುವೆ ನಿಂತಿರುವುದು ಇನ್ಸುಲಿನ್ ಪ್ರತಿರೋಧ. ಅದನ್ನು ಅರ್ಥಮಾಡಿಕೊಳ್ಳದೆ ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ.

ಮೈಯೊಳಗಿನ ಒಂದು ಚಮಚ ಸಕ್ಕರೆ

ವಯಸ್ಕರ ದೇಹದಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಆ ಅಷ್ಟೂ ರಕ್ತದಲ್ಲಿ ಕರಗಿರುವ ಗ್ಲೂಕೋಸು ನಾಲ್ಕೈದು ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ. ಇದು ತೀರಾ ಇಳಿದರೆ ಮಿದುಳು ಕಂಗೆಡುತ್ತದೆ. ಏರಿ ವರ್ಷಗಟ್ಟಲೆ ಏರಿಯೇ ಇದ್ದರೆ ಕಣ್ಣು, ಮೂತ್ರಪಿಂಡ, ನರ, ರಕ್ತನಾಳಗಳು ಹಾಳಾಗುತ್ತವೆ. ಒಂದು ತಟ್ಟೆ ಅನ್ನ ಉಂಡರೆ ಹೊಟ್ಟೆಯಿಂದ ರಕ್ತಕ್ಕೆ ಇಳಿಯುವ ಗ್ಲೂಕೋಸು ಇಂಥ ಹತ್ತಾರು ಚಮಚಗಳಷ್ಟು. ಹಾಗಿದ್ದರೂ ಆರೋಗ್ಯವಂತರಲ್ಲಿ ಎರಡು ಗಂಟೆಯೊಳಗೆ ರಕ್ತದ ಸಕ್ಕರೆ ಬಹುಮಟ್ಟಿಗೆ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ಈ ಕೆಲಸ ಇನ್ಸುಲಿನ್ನಿನದು.

ಜಠರದ ಹಿಂದೆ ಮಲಗಿರುವ ಮೇದೋಜೀರಕ ಗ್ರಂಥಿಯಲ್ಲಿ ಸುಮಾರು ಹತ್ತು ಲಕ್ಷ ಪುಟ್ಟ ಜೀವಕೋಶ ಗುಂಪುಗಳು ದ್ವೀಪಗಳಂತೆ ಚದುರಿಕೊಂಡಿವೆ. ಅವುಗಳಲ್ಲಿರುವ ಬೀಟಾ ಕೋಶಗಳು ರಕ್ತದಲ್ಲಿ ಸಕ್ಕರೆ ಏರಿದ್ದನ್ನು ಗ್ರಹಿಸಿ ಇನ್ಸುಲಿನ್ ಸುರಿಸುತ್ತವೆ. ಇನ್ಸುಲಿನ್ ಮೂರು ಮನೆಗಳಿಗೆ ಮೂರು ಬೇರೆ ಬೇರೆ ಸುದ್ದಿ ಒಯ್ಯುತ್ತದೆ. ಯಕೃತ್ತಿಗೆ, ಅಂದರೆ ಲಿವರ್‌ಗೆ, “ಊಟ ಬಂದಿದೆ, ನೀನು ಸಕ್ಕರೆ ತಯಾರಿಸುವುದನ್ನು ನಿಲ್ಲಿಸು, ಬಂದದ್ದನ್ನು ಕೂಡಿಡು” ಎನ್ನುತ್ತದೆ. ಸ್ನಾಯುಗಳಿಗೆ “ಬಾಗಿಲು ತೆರೆ” ಎನ್ನುತ್ತದೆ. ಆಗ ಸ್ನಾಯುಕೋಶದ ಒಳಗೆ ಕಾದು ಕುಳಿತಿದ್ದ ಗ್ಲೂಟ್-4 ಎಂಬ ಪ್ರೋಟೀನುಗಳು ಕೋಶದ ಹೊರಪೊರೆಗೆ ಬಂದು ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಮೂರನೆಯ ಸುದ್ದಿ ಕೊಬ್ಬಿನ ಕೋಶಗಳಿಗೆ: “ಕೂಡಿಟ್ಟ ಕೊಬ್ಬನ್ನು ಈಗ ಹೊರಗೆ ಬಿಡಬೇಡ.” ಈ ಮೂರನೆಯದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ನಮ್ಮ ಕಥೆಯಲ್ಲಿ ಅದಕ್ಕೇ ಹೆಚ್ಚಿನ ತೂಕ.

ಸುದ್ದಿ ಬಂದರೂ ಕೇಳದ ಮನೆಗಳು

ಟೊರಾಂಟೊದಲ್ಲಿ 1921ರಲ್ಲಿ ಇನ್ಸುಲಿನ್ ಪತ್ತೆಯಾಯಿತು. ಮರುವರ್ಷ ಅದನ್ನು ಚುಚ್ಚಿಸಿಕೊಂಡ ಮಕ್ಕಳು ಸಾವಿನ ಬಾಯಿಂದ ಎದ್ದು ಬಂದರು. ಸಕ್ಕರೆ ಕಾಯಿಲೆ ಎಂದರೆ ಇನ್ಸುಲಿನ್ನಿನ ಕೊರತೆ ಎಂದು ಜಗತ್ತು ನಂಬಿತು. ಆ ನಂಬಿಕೆಯನ್ನು ಮೊದಲು ಅಲುಗಿಸಿದವರು ಲಂಡನ್ನಿನ ಯುವ ವೈದ್ಯ ಹೆರಾಲ್ಡ್ ಹಿಮ್ಸ್‌ವರ್ತ್. ಅವರು ರೋಗಿಗಳಿಗೆ ಗ್ಲೂಕೋಸು ಕುಡಿಸಿ, ಅದೇ ಹೊತ್ತಿಗೆ ಇನ್ಸುಲಿನ್ನನ್ನೂ ಚುಚ್ಚಿ, ರಕ್ತದ ಸಕ್ಕರೆ ಏನಾಗುತ್ತದೆ ಎಂದು ನೋಡಿದರು. ಕೆಲವರಲ್ಲಿ ಅದು ಏರಲಿಲ್ಲ. ಅವರು ಬಹುತೇಕ ಎಳೆಯರು, ಸಣಕಲು ಮೈಯವರು. ಇನ್ನು ಕೆಲವರಲ್ಲಿ ಇನ್ಸುಲಿನ್ ಕೊಟ್ಟರೂ ಕೊಡದಂತೆಯೇ ಸಕ್ಕರೆ ಏರಿತು. ಅವರು ಹೆಚ್ಚಾಗಿ ವಯಸ್ಸಾದವರು, ಮೈ ಬಂದವರು. ಸಕ್ಕರೆ ಕಾಯಿಲೆಯಲ್ಲಿ ಎರಡು ಬಗೆ, ಒಂದಕ್ಕೆ ಇನ್ಸುಲಿನ್ ಇಲ್ಲ, ಇನ್ನೊಂದು ಇನ್ಸುಲಿನ್ನಿಗೆ ಓಗೊಡುವುದಿಲ್ಲ ಎಂದು ಹಿಮ್ಸ್‌ವರ್ತ್ 1936ರಲ್ಲಿ ಬರೆದರು. ಸಕ್ಕರೆ ಕಾಯಿಲೆಯನ್ನೂ ಒಳಗೊಂಡ ಪ್ರಮೇಹದ ರೋಗಿಗಳಲ್ಲಿ ಸ್ಥೂಲರು, ಕೃಶರು ಎಂಬ ಎರಡು ಬಗೆಯನ್ನು ಗುರುತಿಸಿ, ಇಬ್ಬರಿಗೂ ಬೇರೆ ಬೇರೆ ಚಿಕಿತ್ಸೆ ಹೇಳಿದ ನಮ್ಮ ಚರಕ ಸಂಹಿತೆಯೂ ಇದೇ ಭೇದವನ್ನು ಕಣ್ಣಳತೆಯಲ್ಲಿ ಕಂಡಿತ್ತು.

ಹಿಮ್ಸ್‌ವರ್ತ್ ಮಾತಿಗೆ ಗಟ್ಟಿ ಸಾಕ್ಷಿ ಸಿಗಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ರಕ್ತದಲ್ಲಿ ಇನ್ಸುಲಿನ್ ಇರುವುದು ಎಷ್ಟು ಕಡಿಮೆಯೆಂದರೆ ಅದನ್ನು ಅಳೆಯುವ ವಿಧಾನವೇ ಇರಲಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ವಿಕಿರಣಶೀಲ ಗುರುತು ಬಳಸಿ ಅಂಥ ವಿಧಾನವೊಂದನ್ನು ಕಂಡುಹಿಡಿದರು. 1960ರ ಹೊತ್ತಿಗೆ ಅವರು ಅಳೆದು ನೋಡಿದರೆ, ನಡುವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದ ಅನೇಕರ ರಕ್ತದಲ್ಲಿ ಇನ್ಸುಲಿನ್ ಕಡಿಮೆ ಇರಲಿಲ್ಲ, ಹೆಚ್ಚೇ ಇತ್ತು. ಬರ್ಸನ್ ತೀರಿಕೊಂಡ ಐದು ವರ್ಷಗಳ ಮೇಲೆ, 1977ರಲ್ಲಿ, ಯಾಲೋ ಅವರಿಗೆ ನೊಬೆಲ್ ಬಂತು.

ಇನ್ಸುಲಿನ್ ಪ್ರತಿರೋಧ ಎಂದರೆ ಇದು. ಸುದ್ದಿ ಹೋಗುತ್ತದೆ, ಮನೆಯವರಿಗೆ ಕೇಳಿಸುವುದಿಲ್ಲ. ಆಗ ಬೀಟಾ ಕೋಶಗಳು ಇನ್ನಷ್ಟು ಜೋರಾಗಿ ಕೂಗುತ್ತವೆ. ಒಂದು ಪಾಲು ಸಾಕಾಗಿದ್ದಲ್ಲಿ ಎರಡು ಪಾಲು, ಮೂರು ಪಾಲು ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ಹದ್ದಿನಲ್ಲಿಡುತ್ತವೆ. ಹೀಗೆ ಹತ್ತಾರು ವರ್ಷ ನಡೆಯಬಹುದು. ಅಷ್ಟು ಕಾಲವೂ ಸಕ್ಕರೆ ಪರೀಕ್ಷೆಯ ಚೀಟಿ ‘ನಾರ್ಮಲ್’ ಎನ್ನುತ್ತದೆ. ಬೀಟಾ ಕೋಶಗಳು ದಣಿದು ಕೈಚೆಲ್ಲಿದ ದಿನವೇ ಸಕ್ಕರೆ ಏರುತ್ತದೆ, ನಾವು ಅಂದೇ ಕಾಯಿಲೆ ಬಂತು ಎನ್ನುತ್ತೇವೆ.

ಆದರೆ ಆ ಮೌನದ ವರ್ಷಗಳಲ್ಲೂ ದೇಹ ಕೆಲವು ಗುರುತು ತೋರಿಸುತ್ತದೆ. ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ, ದಪ್ಪವಾಗಿ, ಮಖಮಲ್ಲಿನಂತೆ ಆಗುವುದು ಅವುಗಳಲ್ಲೊಂದು. ಕೊಳೆ ಎಂದುಕೊಂಡು ತಾಯಂದಿರು ಮಕ್ಕಳ ಕತ್ತನ್ನು ಕಡಲೆಹಿಟ್ಟು ಹಾಕಿ ಉಜ್ಜುತ್ತಾರೆ, ಮಕ್ಕಳು ನಾಚಿಕೆಯಿಂದ ಕಾಲರ್ ಎತ್ತಿಕೊಂಡು ಓಡಾಡುತ್ತಾರೆ. ಅದು ಕೊಳೆಯಲ್ಲ. ರಕ್ತದಲ್ಲಿ ಮಿತಿಮೀರಿದ ಇನ್ಸುಲಿನ್ ಚರ್ಮದ ಕೋಶಗಳನ್ನು ಹೆಚ್ಚು ಬೆಳೆಯುವಂತೆ ಕೆರಳಿಸುವುದರಿಂದ ಹಾಗಾಗುತ್ತದೆ. ಹೆಣ್ಣುಮಕ್ಕಳ ಮುಟ್ಟು ತಪ್ಪಿಸುವ ಪಿಸಿಒಎಸ್ ತೊಂದರೆಯಲ್ಲೂ ಅಂಡಾಶಯದ ಮೇಲೆ ಇದೇ ಹೆಚ್ಚುವರಿ ಇನ್ಸುಲಿನ್ನಿನ ಕೈವಾಡ ಬಹಳಷ್ಟು ಸಲ ಇರುತ್ತದೆ. ಉಜ್ಜುವ ಬದಲು ವೈದ್ಯರಿಗೆ ತೋರಿಸಬೇಕಾದ ಗುರುತುಗಳಿವು.

ಹತ್ತು ಕಿಲೋ ಕೊಬ್ಬು ತೆಗೆದರೂ

ಮನೆಗಳಿಗೆ ಕೇಳಿಸದಂತೆ ಮಾಡಿದ್ದು ಕೊಬ್ಬು ಎಂದಾದರೆ, ಕೊಬ್ಬನ್ನು ತೆಗೆದುಬಿಟ್ಟರೆ ಕೇಳಿಸಬೇಕು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸ್ಯಾಮುಯೆಲ್ ಕ್ಲೈನ್ ಮತ್ತು ಸಂಗಡಿಗರು ಇದನ್ನು ನೇರವಾಗಿ ಪರೀಕ್ಷಿಸಿದರು. ತೀವ್ರ ಬೊಜ್ಜಿದ್ದ 15 ಮಹಿಳೆಯರ ಹೊಟ್ಟೆಯ ಚರ್ಮದಡಿಯಿಂದ ಲಿಪೋಸಕ್ಷನ್ ಮೂಲಕ ಸುಮಾರು ಹತ್ತು ಕಿಲೋ ಕೊಬ್ಬನ್ನು ಹೀರಿ ತೆಗೆಯಲಾಯಿತು. ಹತ್ತು ಹನ್ನೆರಡು ವಾರಗಳ ಮೇಲೆ ನೋಡಿದರೆ ಇನ್ಸುಲಿನ್ ಪ್ರತಿರೋಧ ಒಂದಿಷ್ಟೂ ತಗ್ಗಿರಲಿಲ್ಲ. ರಕ್ತದೊತ್ತಡ, ರಕ್ತದ ಕೊಬ್ಬಿನಾಂಶ, ಸಕ್ಕರೆ ಎಲ್ಲವೂ ಇದ್ದಲ್ಲೇ ಇದ್ದವು. 2004ರಲ್ಲಿ ಪ್ರಕಟವಾದ ಈ ಫಲಿತಾಂಶ ಅನೇಕರನ್ನು ಬೆರಗುಗೊಳಿಸಿತು. ಊಟ ಕಡಿಮೆ ಮಾಡಿ ಅಷ್ಟೇ ತೂಕ ಇಳಿಸಿದ್ದರೆ ಇವೆಲ್ಲವೂ ಸಾಮಾನ್ಯವಾಗಿ ಸುಧಾರಿಸುತ್ತಿದ್ದವು.

ಇದಕ್ಕಿಂತ ಅಚ್ಚರಿಯ ಪಾಠ ಕಲಿಸಿದವರು ಮೈಯಲ್ಲಿ ಕೊಬ್ಬೇ ಇಲ್ಲದವರು. ಲಿಪೋಡಿಸ್ಟ್ರೋಫಿ ಎಂಬ ಅಪರೂಪದ ತೊಂದರೆಯೊಂದಿಗೆ ಹುಟ್ಟುವ ಮಕ್ಕಳ ಚರ್ಮದಡಿಯಲ್ಲಿ ಕೊಬ್ಬಿನ ಕೋಶಗಳೇ ಬೆಳೆಯುವುದಿಲ್ಲ. ನರನರ ಎದ್ದು ಕಾಣುವ ತೆಳು ಮೈ. ಬೊಜ್ಜು ನಿಜವಾದ ಅಪರಾಧಿಯಾಗಿದ್ದರೆ ಇವರು ಇನ್ಸುಲಿನ್ನಿಗೆ ಚೆನ್ನಾಗಿ ಓಗೊಡಬೇಕಿತ್ತು. ಆಗುವುದು ತಲೆಕೆಳಗು: ಅತಿ ತೀವ್ರ ಇನ್ಸುಲಿನ್ ಪ್ರತಿರೋಧ ಇರುವವರಲ್ಲಿ ಇವರೂ ಸೇರಿದ್ದಾರೆ. ಇವರ ಯಕೃತ್ತು ಕೊಬ್ಬು ತುಂಬಿ ಊದಿರುತ್ತದೆ, ರಕ್ತ ಕೊಬ್ಬಿನಿಂದ ಹಾಲಿನಂತೆ ಬೆಳ್ಳಗಾಗುವುದೂ ಉಂಟು. 2000ದಲ್ಲಿ ಅಮೆರಿಕದ ವಿಜ್ಞಾನಿಗಳು ಕೊಬ್ಬಿಲ್ಲದ ಇಂಥ ಇಲಿಗಳಿಗೆ ಆರೋಗ್ಯವಂತ ಇಲಿಗಳ ಕೊಬ್ಬನ್ನು ಕಸಿ ಮಾಡಿದರು. ಇಲಿಗಳ ಸಕ್ಕರೆ ಕಾಯಿಲೆ ವಾಸಿಯಾಯಿತು. ಅಂದರೆ ಕೊಬ್ಬು ಕೊಟ್ಟು ಸಕ್ಕರೆ ಇಳಿಸಿದರು.

ಇನ್ನೆರಡು ಸಂಗತಿಗಳನ್ನು ಇದರ ಪಕ್ಕದಲ್ಲಿಡೋಣ. ಜಪಾನಿನ ಸುಮೋ ಕುಸ್ತಿಪಟುಗಳು ಭಾರಿ ಬೊಜ್ಜಿನವರು. ಆದರೆ ಕುಸ್ತಿಯ ತಾಲೀಮಿನಲ್ಲಿರುವಷ್ಟು ಕಾಲ ಅವರ ಕೊಬ್ಬು ಹೆಚ್ಚಾಗಿ ಚರ್ಮದಡಿಯಲ್ಲೇ ಇರುತ್ತದೆ, ಕರುಳಿನ ಸುತ್ತ ಕಡಿಮೆ. ಸಕ್ಕರೆಯೂ ಸಾಮಾನ್ಯವಾಗಿ ಹತೋಟಿಯಲ್ಲಿರುತ್ತದೆ. ಇನ್ನೊಂದು, ನಮ್ಮಲ್ಲೂ ವೈದ್ಯರು ಬರೆದುಕೊಡುವ ಪಯೋಗ್ಲಿಟಜೋನ್ ಮಾತ್ರೆ. ಅದು ಚರ್ಮದಡಿಯ ಕೊಬ್ಬಿನ ಕೋಶಗಳನ್ನು ಹೆಚ್ಚಿಸುತ್ತದೆ. ಮಾತ್ರೆ ತಿಂದವರ ತೂಕ ತುಸು ಏರುತ್ತದೆ, ಆದರೆ ಇನ್ಸುಲಿನ್ ಪ್ರತಿರೋಧ ಇಳಿಯುತ್ತದೆ.

ಫ್ರಾನ್ಸಿನ ಮಾರ್ಸೇಯಲ್ಲಿದ್ದ ವೈದ್ಯ ಜಾನ್ ವಾಗ್ 1947ರಲ್ಲೇ ಇದರ ಸುಳಿವು ಕೊಟ್ಟಿದ್ದರು. ಸೊಂಟದ ಕೆಳಗೆ, ತೊಡೆ ಪೃಷ್ಠಗಳಲ್ಲಿ ಬೊಜ್ಜು ತುಂಬಿದವರಿಗಿಂತ ಹೊಟ್ಟೆಯ ಭಾಗದಲ್ಲಿ ತುಂಬಿದವರಿಗೆ ಸಕ್ಕರೆ ಕಾಯಿಲೆ, ಹೃದ್ರೋಗ ಹೆಚ್ಚು ಎಂದು ಅವರು ಗಮನಿಸಿದ್ದರು. ಮೊದಲನೆಯದು ಹೆಂಗಸರಲ್ಲಿ ಹೆಚ್ಚು, ಎರಡನೆಯದು ಗಂಡಸರಲ್ಲಿ. ಮುಟ್ಟು ನಿಂತ ಮೇಲೆ ಹೆಂಗಸರ ಬೊಜ್ಜೂ ಹೊಟ್ಟೆಯ ಕಡೆ ಸರಿಯುತ್ತದೆ.

ಇವೆಲ್ಲ ಒಂದೇ ಕಡೆ ಬೆರಳು ತೋರಿಸುತ್ತವೆ. ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ.

ಹೊರಚೆಲ್ಲಿದ ಕಾಳು

ಹಿಂದೆ ನಮ್ಮ ರೈತರ ಮನೆಗಳಲ್ಲಿ ಬಿದಿರಿನಿಂದ ಹೆಣೆದು ಸಗಣಿ ಬಳಿದ ಕಣಜಗಳಿರುತ್ತಿದ್ದವು. ಬಯಲುಸೀಮೆಯಲ್ಲಿ ನೆಲ ಅಗೆದು ಮಾಡಿದ ಹಗೇವುಗಳಿದ್ದವು. ಸುಗ್ಗಿಯಲ್ಲಿ ತುಂಬಿಟ್ಟ ಕಾಳು ಮಳೆಗಾಲದವರೆಗೂ ಕೆಡದೆ ಉಳಿಯುತ್ತಿತ್ತು. ಚರ್ಮದಡಿಯ ಕೊಬ್ಬು ಅಂಥ ಕಣಜ. ಉಂಡದ್ದು ಹೆಚ್ಚಾದಾಗ ಕೂಡಿಟ್ಟು, ಉಪವಾಸದಲ್ಲಿ ತೆಗೆದುಕೊಡುವುದು ಅದರ ಕೆಲಸ. ಅದು ದೇಹಕ್ಕೆ ಬೇಕಾದ ಅಂಗವೇ ಹೊರತು ಹಗೆಯಲ್ಲ. ಈ ಕಣಜ ಸುಮ್ಮನೆ ಕುಳಿತ ಪಾತ್ರೆಯೂ ಅಲ್ಲ. ಉಂಡದ್ದು ಸಾಕು ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ಹುಟ್ಟುವುದು ಇಲ್ಲಿ ಎಂದು 1994ರಲ್ಲಿ ಜೆಫ್ರಿ ಫ್ರೀಡ್ಮನ್ ತಂಡ ತೋರಿಸಿತು. ಇನ್ಸುಲಿನ್ನಿಗೆ ನೆರವಾಗುವ ಅಡಿಪೊನೆಕ್ಟಿನ್ ಕೂಡ ಇಲ್ಲೇ ತಯಾರಾಗುತ್ತದೆ.

ಕಣಜಕ್ಕೂ ಒಂದು ಅಳತೆಯುಂಟು. ಸ್ವೀಡನ್ನಿನ ವಿಜ್ಞಾನಿಗಳು 2008ರಲ್ಲಿ ಒಂದು ಜಾಣ ಉಪಾಯ ಮಾಡಿದರು. ಶೀತಲ ಸಮರದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿ, ಅಲ್ಲಿಂದ ಎಲ್ಲರ ಮೈಗೂ ಬಂದ ಕಾರ್ಬನ್-14ರ ಪ್ರಮಾಣ ನೋಡಿ ಕೊಬ್ಬಿನ ಕೋಶಗಳ ವಯಸ್ಸನ್ನು ಲೆಕ್ಕಹಾಕಿದರು. ಕೊಬ್ಬಿನ ಕೋಶಗಳ ಸಂಖ್ಯೆ ಹರೆಯದ ಹೊತ್ತಿಗೆ ಬಹುಮಟ್ಟಿಗೆ ನಿಗದಿಯಾಗಿಬಿಡುತ್ತದೆ ಎಂದು ತಿಳಿಯಿತು. ಆಮೇಲೆ ವರ್ಷಕ್ಕೆ ಸುಮಾರು ಶೇ. 10ರಷ್ಟು ಕೋಶಗಳು ಸತ್ತು ಅಷ್ಟೇ ಹೊಸವು ಹುಟ್ಟುತ್ತವೆ, ಒಟ್ಟು ಎಣಿಕೆ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ದೊಡ್ಡವರು ದಪ್ಪವಾಗುವುದೆಂದರೆ ಬಹುಪಾಲು ಇದ್ದ ಕೋಶಗಳೇ ಉಬ್ಬುವುದು.

ಉಬ್ಬುವುದಕ್ಕೂ ಮಿತಿಯಿದೆ. ಊದಿದ ಕೋಶಕ್ಕೆ ಆಮ್ಲಜನಕ ಸಾಲದಾಗುತ್ತದೆ, ಕೆಲವು ಒಡೆದು ಸಾಯುತ್ತವೆ. ಸತ್ತದ್ದನ್ನು ತಿಂದು ಶುಚಿಮಾಡಲು ರೋಗನಿರೋಧಕ ವ್ಯವಸ್ಥೆಯ ಭಕ್ಷಕ ಕೋಶಗಳು ಗುಂಪುಕಟ್ಟಿಕೊಂಡು ಬರುತ್ತವೆ. 2003ರ ಅಧ್ಯಯನವೊಂದರ ಪ್ರಕಾರ, ತೆಳ್ಳಗಿನವರ ಕೊಬ್ಬಿನಲ್ಲಿರುವ ಕೋಶಗಳಲ್ಲಿ ಶೇ. 10ಕ್ಕಿಂತ ಕಡಿಮೆಯಿರುವ ಈ ಭಕ್ಷಕಗಳು ತೀವ್ರ ಬೊಜ್ಜಿನವರಲ್ಲಿ ಶೇ. 40ರ ಹತ್ತಿರ ಇರಬಹುದು. ಇವು ಸುರಿಸುವ ಉರಿಯೂತದ ರಾಸಾಯನಿಕಗಳು ಇನ್ಸುಲಿನ್ನಿನ ಸುದ್ದಿಯನ್ನು ಕೆಡಿಸುತ್ತವೆ. ಹಾರ್ವರ್ಡ್‌ನಲ್ಲಿ ಗೋಖಾನ್ ಹೊಟಾಮಿಸ್ಲಿಗಿಲ್ ಮತ್ತು ಬ್ರೂಸ್ ಸ್ಪೀಗಲ್ಮನ್ ಇಂಥ ಮೊದಲ ರಾಸಾಯನಿಕವನ್ನು ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿ 1993ರಲ್ಲಿ ಗುರುತಿಸಿದ್ದರು.

ಇನ್ಸುಲಿನ್ನಿನ ಮೂರನೆಯ ಸುದ್ದಿ, “ಕೊಬ್ಬನ್ನು ಹೊರಗೆ ಬಿಡಬೇಡ” ಎಂಬುದು, ಈ ಹಂತದಲ್ಲಿ ನಾಟುವುದಿಲ್ಲ. ತುಂಬಿದ ಕಣಜದಿಂದ ಕೊಬ್ಬಿನ ಆಮ್ಲಗಳು ಹೊತ್ತುಗೊತ್ತಿಲ್ಲದೆ ಸೋರುತ್ತವೆ. ಹೊಸದಾಗಿ ಉಂಡ ಕೊಬ್ಬಿಗೂ ಅಲ್ಲಿ ಜಾಗವಿಲ್ಲ. ಹೊರಚೆಲ್ಲಿದ ಕಾಳು ಅಡುಗೆಮನೆ, ಪಡಸಾಲೆ, ದೇವರಮನೆಗಳಲ್ಲೆಲ್ಲ ರಾಶಿ ಬಿದ್ದಂತೆ ಕೊಬ್ಬು ತನ್ನದಲ್ಲದ ಜಾಗಗಳಲ್ಲಿ ಕೂರುತ್ತದೆ: ಕರುಳಿನ ಸುತ್ತ, ಯಕೃತ್ತಿನಲ್ಲಿ, ಸ್ನಾಯುಗಳ ಒಳಗೆ, ಮೇದೋಜೀರಕ ಗ್ರಂಥಿಯಲ್ಲೂ ಕೂಡ.

ಸ್ನಾಯುಕೋಶದೊಳಗೆ ಸೇರಿದ ಕೊಬ್ಬು ಮಾಡುವ ಹಾನಿಯನ್ನು ಯೇಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಶುಲ್ಮನ್ ದಶಕಗಳ ಕಾಲ ಹಿಂಬಾಲಿಸಿದ್ದಾರೆ. ಇನ್ಸುಲಿನ್ ಬಂದು ಕೋಶದ ಹೊರಗಿನ ಕರೆಗಂಟೆ ಒತ್ತುತ್ತದೆ. ಗಂಟೆಯಿಂದ ಒಳಗಿನ ಗ್ಲೂಟ್-4 ಬಾಗಿಲವರೆಗೆ ಪ್ರೋಟೀನುಗಳ ಒಂದು ತಂತಿಯಿದೆ. ಕೊಬ್ಬಿನ ಉಪವಸ್ತುವಾದ ಡೈಅಸೈಲ್‌ಗ್ಲಿಸರಾಲ್ ಆ ತಂತಿಯನ್ನು ನಡುವೆಯೇ ತುಂಡರಿಸುತ್ತದೆ ಎಂಬುದು ಅವರ ವಿವರಣೆ. ಗಂಟೆ ಒತ್ತಿದರೂ ಒಳಗೆ ಸದ್ದಾಗುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಯಕೃತ್ತಿನಲ್ಲೂ ಹೀಗೇ ಆಗುತ್ತದೆ. ಆಗ ಅದು ನಾವು ಉಂಡಿದ್ದರೂ ಉಪವಾಸವಿದ್ದರೂ ಸಕ್ಕರೆ ತಯಾರಿಸುತ್ತಲೇ ಇರುತ್ತದೆ. ರಾತ್ರಿ ಏನೂ ತಿನ್ನದೆ ಮಲಗಿದರೂ ಬೆಳಿಗ್ಗೆ ಸಕ್ಕರೆ ಏರಿರುವುದು ಇದರಿಂದ.

ಇಲ್ಲಿಂದ ಮುಂದೆ ಅದೊಂದು ಗಾಣದ ಸುತ್ತು. ಇನ್ಸುಲಿನ್ ಹೆಚ್ಚಾದಷ್ಟೂ ಯಕೃತ್ತು ಸಕ್ಕರೆಯನ್ನು ಕೊಬ್ಬಾಗಿ ಮಾಡುತ್ತದೆ. ಕೊಬ್ಬು ಹೆಚ್ಚಾದಷ್ಟೂ ಪ್ರತಿರೋಧ, ಪ್ರತಿರೋಧ ಹೆಚ್ಚಾದಷ್ಟೂ ಇನ್ಸುಲಿನ್. ಕೊಬ್ಬು ತುಂಬಿದ ಯಕೃತ್ತು ಹೆಚ್ಚಿನ ಕೊಬ್ಬನ್ನು ರಕ್ತಕ್ಕೆ ಬಿಡುತ್ತದೆ, ಅದು ಮೇದೋಜೀರಕಕ್ಕೂ ಹೋಗಿ ಬೀಟಾ ಕೋಶಗಳನ್ನು ಕಂಗೆಡಿಸುತ್ತದೆ. ಇಂಗ್ಲೆಂಡಿನ ನ್ಯೂಕಾಸಲ್‌ನ ರಾಯ್ ಟೇಲರ್ ಇದನ್ನು ಅವಳಿ ಚಕ್ರ ಎಂದು ಕರೆದರು. ಒಬ್ಬೊಬ್ಬರ ಕಣಜಕ್ಕೆ ಒಂದೊಂದು ಮಿತಿ, ಆ ಮಿತಿ ದಾಟಿದ ದಿನದಿಂದ ತೊಂದರೆ ಶುರು ಎಂಬುದು ಅವರ ವಾದ. ನೂರು ಕಿಲೋ ತೂಗುವವರೊಬ್ಬರು ಮಿತಿಯೊಳಗೇ ಇರಬಹುದು, ಅರವತ್ತೈದು ಕಿಲೋ ತೂಗುವವರು ಅದನ್ನು ದಾಟಿರಬಹುದು.

ಮೈಸೂರಿನ ಹೆರಿಗೆ ದಾಖಲೆಗಳು

ಹಾಗಾದರೆ ತೆಳ್ಳಗಿರುವ ನಮ್ಮವರ ಕಣಜವೂ ಯಾಕೆ ಇಷ್ಟು ಬೇಗ ತುಂಬುತ್ತದೆ? ಇದಕ್ಕೆ ಉತ್ತರ ಹುಡುಕುವ ಕೆಲಸದ ಒಂದು ಮುಖ್ಯ ಭಾಗ ನಡೆದದ್ದು ಮೈಸೂರಿನಲ್ಲಿ. ಮೈಸೂರಿಗರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ತಪ್ಪದೆ ಬರೆದಿಟ್ಟಿದ್ದರು. ಭಾರತದಲ್ಲಿ ಅಷ್ಟು ಹಳೆಯ, ಅಷ್ಟು ಅಚ್ಚುಕಟ್ಟಾದ ಇಂಥ ದಾಖಲೆ ಬಹಳ ಅಪರೂಪ. ಗರ್ಭದಲ್ಲಿ ಪೋಷಣೆ ಸಾಲದ ಮಕ್ಕಳು ದೊಡ್ಡವರಾದ ಮೇಲೆ ಹೃದ್ರೋಗ, ಸಕ್ಕರೆ ಕಾಯಿಲೆಗೆ ತುತ್ತಾಗುತ್ತಾರೆ ಎಂದು ಬ್ರಿಟನ್ನಿನ ಸೌತಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ದಶಕಗಳ ಮೇಲೆ ವಾದಿಸತೊಡಗಿದರು. ಅವರ ತಂಡದ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಸಂಶೋಧಕರು ಆ ಹಳೆಯ ದಾಖಲೆಗಳನ್ನು ಹಿಡಿದು, ಅದೇ ಆಸ್ಪತ್ರೆಯಲ್ಲಿ ಹುಟ್ಟಿ ಆ ಹೊತ್ತಿಗೆ ನಡುವಯಸ್ಸಿಗೆ ಬಂದಿದ್ದವರನ್ನು ಮೈಸೂರಿನ ಬೀದಿಗಳಲ್ಲಿ ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಬಂದ ಮೊದಲ ಫಲಿತಾಂಶದಲ್ಲಿ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿದ್ದರೆ, 3.1 ಕಿಲೋ ಮತ್ತು ಹೆಚ್ಚಿನ ತೂಕದವರಲ್ಲಿ ಅದು ಶೇ. 3 ಇತ್ತು.

ಸಕ್ಕರೆ ಕಾಯಿಲೆಯ ಲೆಕ್ಕ ಇಷ್ಟು ಸರಳವಾಗಿರಲಿಲ್ಲ. ಮೈಸೂರಿನಲ್ಲಿ ಅದು ಹೆಚ್ಚು ಕಂಡದ್ದು ಹುಟ್ಟುವಾಗ ಗಿಡ್ಡಗೆ, ಉದ್ದಕ್ಕೆ ಹೋಲಿಸಿದರೆ ದುಂಡಗೆ ಇದ್ದವರಲ್ಲಿ. ಅವರ ತಾಯಂದಿರೂ ತೂಕದವರಾಗಿದ್ದರು. ಗರ್ಭಿಣಿಯಾಗಿದ್ದಾಗ ತಾಯಿಯ ರಕ್ತದಲ್ಲಿ ಸಕ್ಕರೆ ಏರಿದ್ದಿರಬಹುದೇ ಎಂಬ ಅನುಮಾನ ಹುಟ್ಟಿತು. ಅದನ್ನು ಪರೀಕ್ಷಿಸಲು 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನ ಆರಂಭವಾಯಿತು. ನೂರರಲ್ಲಿ ಸುಮಾರು ಆರು ಗರ್ಭಿಣಿಯರಿಗೆ ಗರ್ಭಕಾಲದ ಸಕ್ಕರೆ ಕಾಯಿಲೆ ಇತ್ತು. ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ಮಕ್ಕಳನ್ನು ವರ್ಷವರ್ಷವೂ ಕರೆಸಿ ಅಳೆಯುತ್ತ ಬಂದರು. ಐದನೆಯ ವಯಸ್ಸಿಗೇ ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಕೊಬ್ಬೂ ಇನ್ಸುಲಿನ್ನೂ ಹೆಚ್ಚಾಗಿದ್ದವು, ಒಂಬತ್ತೂವರೆಯ ಹೊತ್ತಿಗೆ ಗಂಡುಮಕ್ಕಳಲ್ಲೂ ಅದು ಕಾಣಿಸಿತು.

ಅತ್ತ ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಯಾಜ್ಞಿಕರು ಹಸುಗೂಸುಗಳನ್ನು ಅಳೆಯುತ್ತಿದ್ದರು. ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕಿಲೋ, ಸೌತಾಂಪ್ಟನ್ ಕೂಸುಗಳದ್ದು 3.5 ಕಿಲೋ. ಪುಣೆಯ ಕೂಸುಗಳಲ್ಲಿ ಸ್ನಾಯು ಕಡಿಮೆ, ಹೊಟ್ಟೆಯ ಅಂಗಗಳು ಚಿಕ್ಕವು. ಆದರೆ ಬೆನ್ನಿನ ಚರ್ಮ ಚಿವುಟಿ ಅಳೆದರೆ ಕೊಬ್ಬು ಮಾತ್ರ ಹೆಚ್ಚುಕಡಿಮೆ ಇಂಗ್ಲಿಷ್ ಕೂಸುಗಳಷ್ಟೇ ಇತ್ತು. ಹೊಕ್ಕುಳಬಳ್ಳಿಯ ರಕ್ತದಲ್ಲಿ ಇನ್ಸುಲಿನ್ ಇಂಗ್ಲಿಷ್ ಕೂಸುಗಳಿಗಿಂತ ಹೆಚ್ಚಿತ್ತು. ತೆಳ್ಳಗಿದ್ದೂ ಕೊಬ್ಬುಳ್ಳ ಭಾರತೀಯ ಮೈ ತಾಯಿಯ ಹೊಟ್ಟೆಯಲ್ಲೇ ರೂಪುಗೊಂಡಿತ್ತು. ಲ್ಯಾನ್ಸೆಟ್‌ನ ಆ ಚಿತ್ರದಲ್ಲಿ ಯಾಜ್ಞಿಕರ ಹುಟ್ಟುತೂಕದ ಮಾತು ಬಂದದ್ದು ಇದಕ್ಕೇ.

ಪೋಷಣೆ ಸಾಲದ ಗರ್ಭದಲ್ಲಿ ಕೂಸು ಮಿದುಳನ್ನು ಉಳಿಸಿಕೊಳ್ಳಲು ಸ್ನಾಯುವಿನಲ್ಲಿ ಜಿಪುಣತನ ಮಾಡುತ್ತದೆ. ಸಕ್ಕರೆಯನ್ನು ಹೀರಿಕೊಳ್ಳಬೇಕಾದ ಸ್ನಾಯು ಕಡಿಮೆ, ಕೊಬ್ಬನ್ನು ಸುರಕ್ಷಿತವಾಗಿ ಇಡಬೇಕಾದ ಕಣಜವೂ ಇಕ್ಕಟ್ಟು. ಬರಗಾಲಕ್ಕೆ ಸಿದ್ಧವಾದ ಮೈ ಅದು. ಆ ಮೈಗೆ ನಾವು ದಿನಕ್ಕೆ ಮೂರು ಹೊತ್ತು ಪಾಲಿಶ್ ಮಾಡಿದ ಅಕ್ಕಿ, ನಡುವೆ ಬೇಕರಿ ತಿಂಡಿ, ಸಕ್ಕರೆ ಹಾಕಿದ ಕಾಫಿ ಕೊಟ್ಟು, ದಿನವಿಡೀ ಕುರ್ಚಿಯಲ್ಲಿ ಕೂರಿಸಿದ್ದೇವೆ. ಕಣಜ ಬೇಗ ತುಂಬಿ ಬೇಗ ಚೆಲ್ಲುವುದರಲ್ಲಿ ಆಶ್ಚರ್ಯವಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅದೇ ಸಮೀಕ್ಷೆಯಲ್ಲಿ ಬಿಎಂಐ ಲೆಕ್ಕದ ಬೊಜ್ಜು ಶೇ. 28.6, ಹೊಟ್ಟೆಯ ಸುತ್ತಳತೆಯ ಲೆಕ್ಕದ ಬೊಜ್ಜು ಶೇ. 39.5. ತೂಕದ ಯಂತ್ರ ಹಿಡಿಯದೆ ಬಿಟ್ಟವರನ್ನು ಅಳತೆ ಪಟ್ಟಿ ಹಿಡಿಯಿತು.

ಹಿಂದಕ್ಕೆ ಬರುವ ದಾರಿ

ಇಷ್ಟೆಲ್ಲ ತಿಳಿದ ಮೇಲೆ ಭಯ ಹುಟ್ಟುವುದು ಸಹಜ. ಆದರೆ ಹೊರಚೆಲ್ಲಿದ ಕಾಳನ್ನು ಗುಡಿಸಿ ತೆಗೆಯಬಹುದು. ಚರ್ಮದಡಿಯ ಕೊಬ್ಬಿಗಿಂತ ಯಕೃತ್ತಿನ ಕೊಬ್ಬು ಬೇಗ ಕರಗುತ್ತದೆ.

ರಾಯ್ ಟೇಲರ್ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷವಾಗಿರದ 11 ಮಂದಿ ದಿನಕ್ಕೆ ಸುಮಾರು 600 ಕ್ಯಾಲೊರಿಯ ಆಹಾರದಲ್ಲಿ ಎಂಟು ವಾರ ಇದ್ದರು. ಒಂದೇ ವಾರದಲ್ಲಿ ಯಕೃತ್ತಿನ ಕೊಬ್ಬು ಗಣನೀಯವಾಗಿ ಕುಸಿದು, ಬರೀ ಹೊಟ್ಟೆಯ ಸಕ್ಕರೆ ಸಾಮಾನ್ಯ ಮಟ್ಟಕ್ಕೆ ಬಂತು. ಎಂಟು ವಾರಗಳಲ್ಲಿ ಮೇದೋಜೀರಕದ ಕೊಬ್ಬೂ ಇಳಿದು ಬೀಟಾ ಕೋಶಗಳು ಎಚ್ಚೆತ್ತವು. ಮುಂದೆ ಬ್ರಿಟನ್ನಿನಲ್ಲಿ ಸುಮಾರು 300 ಜನರ ಮೇಲೆ ನಡೆದ ಡೈರೆಕ್ಟ್ ಅಧ್ಯಯನದಲ್ಲಿ, ತೂಕ ಇಳಿಸುವ ಗುಂಪಿನ ಶೇ. 46 ಮಂದಿಗೆ ಒಂದು ವರ್ಷದ ಬಳಿಕ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಯಲ್ಲಿತ್ತು. ಹದಿನೈದು ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಿ ಆ ಪ್ರಮಾಣ ಶೇ. 86. ನಮಗೆ ಇನ್ನೂ ಹತ್ತಿರದ್ದು 2023ರ ರೀಟ್ಯೂನ್ ಅಧ್ಯಯನ. ಅದರಲ್ಲಿದ್ದ 20 ಮಂದಿ ಸಕ್ಕರೆ ಕಾಯಿಲೆಯಿದ್ದೂ ದಪ್ಪ ಎನಿಸದವರು. ತೂಕ ಇಳಿಸಿದ ಮೇಲೆ 14 ಮಂದಿಗೆ ಕಾಯಿಲೆ ಹಿಂದೆ ಸರಿಯಿತು. ದಪ್ಪವಿಲ್ಲದವರೂ ತಮ್ಮ ಕಣಜದ ಮಿತಿಯೊಳಗೆ ಮರಳಿ ಬಂದರೆ ಗುಣ ಕಾಣುತ್ತಾರೆ.

ಇಂಥ ಕಟ್ಟುನಿಟ್ಟಾದ ಪಥ್ಯವನ್ನು ಯಾರೂ ಮನೆಯಲ್ಲಿ ತಾವಾಗಿ ಮಾಡಬಾರದು. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ದಿಢೀರನೆ ಊಟ ಬಿಟ್ಟರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಆ ಅಧ್ಯಯನಗಳೆಲ್ಲ ವೈದ್ಯರ ನಿಗಾದಲ್ಲಿ ನಡೆದವು. ಕಾಯಿಲೆ ಬಂದು ಬಹಳ ವರ್ಷವಾಗಿದ್ದರೆ ಬೀಟಾ ಕೋಶಗಳು ಮರಳಿ ಎಚ್ಚೆತ್ತುಕೊಳ್ಳದಿರಬಹುದು. ಅದು ರೋಗಿಯ ತಪ್ಪಲ್ಲ, ಇಚ್ಛಾಶಕ್ತಿಯ ಕೊರತೆಯೂ ಅಲ್ಲ.

ಎಲ್ಲರೂ ಮಾಡಬಹುದಾದದ್ದು ಇನ್ನೊಂದಿದೆ. ಸ್ನಾಯು ದುಡಿದಾಗ ಗ್ಲೂಟ್-4 ಬಾಗಿಲುಗಳು ಇನ್ಸುಲಿನ್ನಿನ ಸುದ್ದಿಗೆ ಕಾಯದೆ ತಾವೇ ತೆರೆದುಕೊಳ್ಳುತ್ತವೆ. ಕರೆಗಂಟೆಯ ತಂತಿ ಕಡಿದಿದ್ದರೂ ಈ ಹಿತ್ತಲ ಬಾಗಿಲು ಕೆಲಸ ಮಾಡುತ್ತದೆ. ಉಂಡ ಮೇಲೆ ಹದಿನೈದು ನಿಮಿಷ ನಡೆದರೆ ಸಕ್ಕರೆ ಏರುವುದು ತಗ್ಗುವುದು ಇದರಿಂದಲೇ. ಚೆನ್ನೈನಲ್ಲಿ ಎ. ರಾಮಚಂದ್ರನ್ ತಂಡ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಊಟದಲ್ಲಿ ಹಿತಮಿತ, ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ, ಇಷ್ಟರಿಂದಲೇ ಕಾಯಿಲೆ ಬರುವ ಸಾಧ್ಯತೆ ಶೇ. 28.5ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದ್ದು ಶೇ. 26.4. ಗಮನಿಸಬೇಕಾದದ್ದು, ನಡಿಗೆಯ ಗುಂಪಿನವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ. ತೂಕದ ಮುಳ್ಳು ಕದಲಲಿಲ್ಲ ಎಂದು ನಡಿಗೆ ಬಿಟ್ಟವರಿಗೆ ಇದನ್ನು ಹೇಳಬೇಕು.

ಈ ಅಧ್ಯಾಯ ಓದಿದವರಲ್ಲಿ ನನ್ನದೊಂದು ಕೋರಿಕೆ. ದಪ್ಪಗಿರುವವರನ್ನು ಆಡಿಕೊಳ್ಳುವುದನ್ನು ನಿಲ್ಲಿಸೋಣ. ಅವರ ಕಣಜ ಅವರ ಕಾಳನ್ನು ಕಾಯುತ್ತಿರಬಹುದು. ತೆಳ್ಳಗಿದ್ದೇನೆ ಎಂಬ ನೆಮ್ಮದಿಯಲ್ಲೂ ಇರುವುದು ಬೇಡ. ದರ್ಜಿಯ ಅಳತೆ ಪಟ್ಟಿಯೊಂದನ್ನು ತನ್ನಿ. ಉಸಿರು ಸಹಜವಾಗಿ ಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಹೊಟ್ಟೆಯ ಸುತ್ತಳತೆ ನೋಡಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಒಮ್ಮೆ ಸಕ್ಕರೆ, ರಕ್ತದೊತ್ತಡ, ರಕ್ತದ ಕೊಬ್ಬು ಪರೀಕ್ಷಿಸಿಕೊಳ್ಳಿ. ಮನೆಯಲ್ಲಿ ಮಗುವಿನ ಕತ್ತು ಕಪ್ಪಾಗಿದ್ದರೆ ಅದನ್ನೂ ತೋರಿಸಿ. ಮನೆಯ ಹೆಣ್ಣುಮಕ್ಕಳು ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ಇನ್ನೂ ಇದ್ದರೆ ಇಂದೇ ಬಿಟ್ಟುಬಿಡಿ. ಗರ್ಭಿಣಿಯಾದಾಗ ಅವರ ಸಕ್ಕರೆ ಪರೀಕ್ಷೆಯನ್ನು ತಪ್ಪಿಸಬೇಡಿ. ಐವತ್ತು ವರ್ಷದ ಮೇಲೆ ಒಬ್ಬರಿಗೆ ಬರುವ ಕಾಯಿಲೆಯ ಒಂದು ಪಾಲು ಅವರ ತಾಯಿಯ ತಟ್ಟೆಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದರಿಂದ ನಿರ್ಧಾರವಾಗಿರುತ್ತದೆ.